ಕಾಲಿಡದವನ ಹೆಸರಿನ ಕಡಲತೀರ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ಅಂಚಿನಲ್ಲಿರುವ ಏಬಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನ ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ಚಿಕ್ಕದು. ವಿಸ್ತೀರ್ಣ ಸುಮಾರು 237 ಚದರ ಕಿ.ಮೀ. ಅಷ್ಟೆ. ಆದರೂ ಪ್ರವಾಸಿಗರಿಗೆ ಇದು ಅಚ್ಚುಮೆಚ್ಚು. ಕಡಲಂಚಿನ ಸುಮಾರು 60 ಕಿ.ಮೀ. ಕಾಲುದಾರಿಯನ್ನು ಚಾರಣಿಗರು ಮೂರರಿಂದ ಐದು ದಿನಗಳಲ್ಲಿ ಮುಗಿಸುತ್ತಾರೆ. ನಡೆದು ಬೇಸತ್ತವರಿಗೆ ಕಯಾಕ್ ಇದೆ. ಒಬ್ಬಿಬ್ಬರು ಕುಳಿತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುತ್ತ ಸಾಗುವ ಕಿರುದೋಣಿ ಅದು. ಗ್ರಾನೈಟ್ ಸವೆದು ಆದ ಹೊಂಬಣ್ಣದ ಮರಳು, ನೀರಿನಂಚಿನವರೆಗೂ ಇಳಿದ ಕಾಡು, ಟೋಂಗಾ ದ್ವೀಪದ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಸೀಲ್‌ಗಳು ಇವೆಲ್ಲ ದೋಣಿಯಿಂದಲೇ ಕಾಣುತ್ತವೆ.

ಇಲ್ಲಿ ಕೈಗಡಿಯಾರದ ಜೊತೆಗೆ ಉಬ್ಬರವಿಳಿತದ ಪಟ್ಟಿಯೂ ಬೇಕು. ಅವರೋವಾ ಎಂಬ ಅಳಿವೆಗೆ ಸೇತುವೆಯಿಲ್ಲ. ನೀರು ಪೂರ್ತಿ ಇಳಿಯುವುದಕ್ಕೆ ಒಂದೂವರೆ ಗಂಟೆ ಮೊದಲು ಮತ್ತು ಇಳಿದ ಎರಡು ಗಂಟೆಯೊಳಗೆ ಮಾತ್ರ ದಾಟಬಹುದು. ತಡವಾಗಿ ಬಂದವರು ದಡದಲ್ಲೇ ಕಾಯಬೇಕು.

ವಿಚಿತ್ರವೆಂದರೆ, ಉದ್ಯಾನಕ್ಕೆ ಯಾರ ಹೆಸರಿದೆಯೋ ಅವನು ಈ ಮರಳಿನ ಮೇಲೆ ಕಾಲಿಡಲೇ ಇಲ್ಲ!

ಏಬಲ್ ಟಾಸ್ಮನ್ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ನಾವಿಕ. 1642ರ ಆಗಸ್ಟ್‌ನಲ್ಲಿ ಬಟಾವಿಯಾದಿಂದ, ಅಂದರೆ ಇಂದಿನ ಜಕಾರ್ತದಿಂದ, ಎರಡು ಹಡಗುಗಳೊಂದಿಗೆ ಹೊರಟ. ಡಿಸೆಂಬರ್ 18ರ ಸಂಜೆ ಉದ್ಯಾನದ ಉತ್ತರಕ್ಕಿರುವ ಕೊಲ್ಲಿಯಲ್ಲಿ ಲಂಗರು ಹಾಕಿದ. ತೀರದಲ್ಲಿದ್ದವರು ತೂಮಾತಾಕೋಕಿರಿ ಕುಲದ ಮಾವೊರಿಗಳು. ಎರಡು ದೋಣಿಗಳಲ್ಲಿ ಬಂದ ಅವರು ಗಟ್ಟಿ ದನಿಯಲ್ಲಿ ಕೂಗಿದರು, ಕಹಳೆಯಂಥದೊಂದನ್ನು ಊದಿದರು. ಡಚ್ಚರು ತಮ್ಮ ಕಹಳೆಗಳಿಂದ ಉತ್ತರ ಕೊಟ್ಟರು. ಇದು ಹಲವು ಸಲ ನಡೆಯಿತು. ಒಬ್ಬರಿಗೆ ಸ್ನೇಹದ ಮರುದನಿ, ಇನ್ನೊಬ್ಬರಿಗೆ ಕಾಳಗದ ಒಪ್ಪಿಗೆ ಆಗಿದ್ದಿರಬಹುದು ಎಂಬುದು ನಂತರದವರ ಊಹೆ.

ಮರುದಿನ ಬೆಳಿಗ್ಗೆ ಒಂದು ಹಡಗಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದ ಡಚ್ಚರ ಸಣ್ಣ ದೋಣಿಗೆ ಮಾವೊರಿಗಳ ದೋಣಿಯೊಂದು ರಭಸದಿಂದ ಬಂದು ಡಿಕ್ಕಿ ಹೊಡೆಯಿತು. ಏಳು ನಾವಿಕರಲ್ಲಿ ನಾಲ್ವರು ಸತ್ತರು, ಮೂವರು ಈಜಿ ಪಾರಾದರು. ಡಚ್ಚರೂ ಗುಂಡು ಹಾರಿಸಿದರು. ದೋಣಿಯಲ್ಲಿದ್ದ ಮಾವೊರಿಯೊಬ್ಬ ಬಿದ್ದ. ಲಂಗರು ಎತ್ತಿದ ಟಾಸ್ಮನ್ ಆ ಜಾಗಕ್ಕೆ ‘ಕೊಲೆಗಾರರ ಕೊಲ್ಲಿ’ ಎಂದು ಹೆಸರಿಟ್ಟ. ನಮಗೆ ಬರಹದಲ್ಲಿ ಉಳಿದಿರುವುದು ಹಡಗಿನವರ ದಿನಚರಿ ಮಾತ್ರ. ಮುಂದೆ ಬೇರೆ ಕುಲಗಳ ದಾಳಿಗೆ ಸಿಕ್ಕಿ ತೂಮಾತಾಕೋಕಿರಿಗಳು ಚದುರಿಹೋದರು. ತೀರದಿಂದ ನೋಡಿದವರ ಕಥೆಯೂ ಅವರೊಂದಿಗೇ ಚದುರಿತು.

ಹಾಗಾದರೆ ಈ ಹೆಸರು ಹೇಗೆ ಬಂತು? ಅದರ ಹಿಂದೆ ಪೆರಿನ್ ಮಾಂಕ್ರಿಫ್ ಎಂಬ ಮಹಿಳೆಯ ಜಾಣತನವಿದೆ. ಇಂಗ್ಲೆಂಡಿನಿಂದ ಬಂದು ನೆಲ್ಸನ್‌ನಲ್ಲಿ ನೆಲೆಸಿದ ಈಕೆ ಪಕ್ಷಿತಜ್ಞೆ. ಆಗ ಈ ತೀರದಲ್ಲಿ ಮರ ಕಡಿಯುವವರಿಗೆ, ಬೇಸಾಯಕ್ಕೆಂದು ಕಾಡಿಗೆ ಬೆಂಕಿ ಇಡುವವರಿಗೆ ಕೊರತೆಯಿರಲಿಲ್ಲ. ಹಕ್ಕಿಗಳನ್ನು ಉಳಿಸಿ ಎಂದರೆ ಸರ್ಕಾರಗಳು ಎಲ್ಲಿ ಕೇಳುತ್ತವೆ? ಟಾಸ್ಮನ್ ಬಂದು 300 ವರ್ಷ ತುಂಬುತ್ತಿತ್ತು. ಸ್ಮಾರಕವಾಗಿ ಒಂದು ಉದ್ಯಾನ ಮಾಡಿ ಎಂದು ಆಕೆ ಬೆನ್ನು ಹತ್ತಿದರು. ಡಚ್ ರಾಣಿ ವಿಲ್ಹೆಲ್ಮಿನಾ ಪೋಷಕಿಯಾಗಲು ಒಪ್ಪಿದರು. 1942ರ ಡಿಸೆಂಬರ್‌ನಲ್ಲಿ ಸುಮಾರು 15,000 ಹೆಕ್ಟೇರ್‌ಗಳ ಉದ್ಯಾನ ಹುಟ್ಟಿತು. ಆ ಹೊತ್ತಿಗೆ ರಾಣಿಯ ದೇಶ ಜರ್ಮನರ ವಶದಲ್ಲಿತ್ತು, ಟಾಸ್ಮನ್ ಹೊರಟ ಬಟಾವಿಯಾ ಜಪಾನೀಯರ ವಶದಲ್ಲಿ!

ಎಲ್ಲ ಮರಳೂ ಅಂದೇ ಉದ್ಯಾನದ ಪಾಲಾಗಲಿಲ್ಲ. ಅವರೋವಾದ ಸುಮಾರು 7 ಹೆಕ್ಟೇರ್ ತೀರ ಖಾಸಗಿಯವರಲ್ಲೇ ಇತ್ತು. ಅದು ಮಾರಾಟಕ್ಕೆ ಬಂದಾಗ ಸುಮಾರು 40,000 ಮಂದಿ ಇಂಟರ್‌ನೆಟ್ ಮೂಲಕ ಚಂದಾ ಹಾಕಿ, 20 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿ ಕೊಂಡರು. 2016ರಲ್ಲಿ ಉದ್ಯಾನಕ್ಕೆ ಒಪ್ಪಿಸಿದರು.

ಇನ್ನು ಟಾಸ್ಮನ್ ಶಪಿಸಿದ ಆ ಕೊಲ್ಲಿ. 1857ರಲ್ಲಿ ಹತ್ತಿರದಲ್ಲಿ ಚಿನ್ನ ಸಿಕ್ಕ ಮೇಲೆ ಅದು ‘ಗೋಲ್ಡನ್ ಬೇ’ ಆಯಿತು. 2014ರಲ್ಲಿ ಮಾವೊರಿ ಹೆಸರೂ ಸೇರಿ ಅಧಿಕೃತವಾಗಿ ‘ಗೋಲ್ಡನ್ ಬೇ/ಮೊಹುವಾ’ ಎಂದಾಗಿದೆ. ಉದ್ಯಾನದ ಹೆಸರು ಮಾತ್ರ ಬದಲಾಗಿಲ್ಲ.