ಹೆಸರಳಿದ ಒಂದು ಕ್ಷೇತ್ರ: ಹಾಸನ–ಚಿಕ್ಕಮಗಳೂರು

ಅರಸೀಕೆರೆ, ಬೇಲೂರು, ಹಳೇಬೀಡು ಎಂದೊಡನೆ ವಿದ್ಯಾವಂತರ ಮನಸ್ಸು ಹೊಯ್ಸಳರ ಕಡೆಗೆ ಹರಿಯುವುದು ಸಹಜ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ, ದೋರಸಮುದ್ರದ ಹೊಯ್ಸಳೇಶ್ವರ, ನಕ್ಷತ್ರಾಕಾರದ ಮುಖಮಂಟಪವುಳ್ಳ ಅರಸೀಕೆರೆಯ ಈಶ್ವರಾಲಯ, ಇವುಗಳನ್ನು ಕುರಿತು ಹೇಳುವವರೂ ಕೇಳುವವರೂ ಬೇಕಾದಷ್ಟು ಮಂದಿ ಇದ್ದಾರೆ. ನಾವು ಈ ಹೊತ್ತು ಅದೇ ನೆಲದ ಬೇರೊಂದು ಚರಿತ್ರೆಯನ್ನು ಹೇಳಬೇಕೆಂದಿದ್ದೇವೆ. ಅದು ಕಲ್ಲಿನಲ್ಲಿ ಕೊರೆದದ್ದಲ್ಲ. ಸರ್ಕಾರಿ ಗೆಜೆಟ್ಟಿನಲ್ಲಿ ಅಚ್ಚಾದದ್ದು. 1952ರಲ್ಲಿ ಹುಟ್ಟಿ, 1957ರ ಹೊತ್ತಿಗೆ ಹೆಸರಳಿದ ಹಾಸನ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವೇ ನಮ್ಮ ವಿಷಯ. ಐದು ವರ್ಷ ಬಾಳಿದ ಕ್ಷೇತ್ರಕ್ಕೂ ಒಂದು ಚರಿತ್ರೆಯೆ ಎಂದು ಕೇಳಬಹುದು. ಕ್ಷೇತ್ರದ ಬಾಳು ಚಿಕ್ಕದಾದರೂ, ಅಲ್ಲಿನ ರೈತನು ಮತದಾರನಾಗಲು ಹಿಡಿದ ಕಾಲ ಚಿಕ್ಕದಲ್ಲ.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳುವುದು ಮೇಲು. ಶಾಸನಗಳಲ್ಲಿ ನಾಡಗಾವುಂಡರೂ ಅಗ್ರಹಾರದ ಮಹಾಜನರೂ ಕೂಡಿ ದತ್ತಿ ಬಿಟ್ಟುದನ್ನೂ, ಕೆರೆಯ ಕಟ್ಟೆಯನ್ನು ಕುರಿತು ಕಟ್ಟಳೆ ಮಾಡಿದುದನ್ನೂ ಓದಿ, ಹೊಯ್ಸಳರ ಕಾಲದಲ್ಲಿಯೇ ನಮ್ಮಲ್ಲಿ ಪ್ರಜಾಪ್ರಭುತ್ವವಿದ್ದಿತೆಂದು ಹಿಗ್ಗುವವರುಂಟು. ಊರಿನ ಕೆಲಸವನ್ನು ಊರವರು ಕೂಡಿ ಮಾಡುತ್ತಿದ್ದರೆಂಬುದು ನಿಜ. ಆದರೆ ಗಾವುಂಡನು ಗಾವುಂಡನಾದದ್ದು ಹುಟ್ಟಿನಿಂದ, ಮಹಾಜನರು ಮಹಾಜನರಾದದ್ದು ವೃತ್ತಿಯಿಂದ. ಕೆರೆಯ ಹೂಳು ಹೊತ್ತವನನ್ನು ಯಾರೂ ಒಪ್ಪಿಗೆ ಕೇಳಿದಂತೆ ಕಾಣುವುದಿಲ್ಲ. ಹಳೆಯದೆಲ್ಲಕ್ಕೂ ಹೊಸ ಹೆಸರಿಡುವ ಚಾಪಲ್ಯ ನಮಗೆ ಬೇಡ.

ಈ ಸೀಮೆಯವರು ಪ್ರತಿನಿಧಿಗಳೆಂಬ ಹೆಸರಿನಿಂದ ರಾಜಧಾನಿಗೆ ಹೋಗಲು ಪ್ರಾರಂಭವಾದದ್ದು 1881ರಲ್ಲಿ. ಆ ವರ್ಷ ಮಾರ್ಚಿ 25ರಂದು ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದರು. ಒಪ್ಪಿಸಿದ ಸಂಸ್ಥಾನವಾದರೂ ಎಂಥದು? 1876–78ರ ಮಹಾಕ್ಷಾಮದಲ್ಲಿ ಬೆಂದು ನಲುಗಿದ್ದ ಸಂಸ್ಥಾನ. 1871ರಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದಿವಾನ್ ಸಿ. ರಂಗಾಚಾರ್ಲು ಅವರು ಅಂಥ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ಮೈಸೂರಿನಲ್ಲಿ 144 ಮಂದಿ ಸೇರಿದರು. ತಾಲ್ಲೂಕಿಗೆ ಒಬ್ಬಿಬ್ಬರು ಭೂಮಿಯುಳ್ಳ ರೈತರು, ಜಿಲ್ಲೆಯಿಂದ ಕೆಲವರು ವರ್ತಕರು, ಇದು ಏರ್ಪಾಡು. ಮೈಸೂರಿಗೆ ರೈಲು ಬಂದದ್ದು ಮರುವರ್ಷ. ಆದುದರಿಂದ ಹಾಸನದ ಸೀಮೆಯಿಂದ ಹೊರಟವರು ಮಳೆಗಾಲದ ಕೊನೆಯ ಕೆಸರಿನಲ್ಲಿ ಗಾಡಿಯನ್ನೇ ನೆಚ್ಚಬೇಕಾಗಿತ್ತು.

ಅವರು ಅಲ್ಲಿ ಮಾಡಿದುದೇನು? ದಿವಾನರು ಹಿಂದಿನ ವರ್ಷದ ಜಮಾಖರ್ಚನ್ನೂ ಆಡಳಿತದ ವಿವರವನ್ನೂ ಓದಿದರು, ಬಂದವರು ಕೇಳಿದರು, ಬಳಿಕ ತಮ್ಮ ತಮ್ಮ ತಾಲ್ಲೂಕಿನ ಅಹವಾಲನ್ನು ಅರಿಕೆ ಮಾಡಿಕೊಂಡರು. ಮತ ಹಾಕಿ ಯಾವುದನ್ನೂ ನಿರ್ಧರಿಸುವ ಅಧಿಕಾರ ಅವರಿಗಿರಲಿಲ್ಲ. ಅವರನ್ನು ಜನರು ಆರಿಸಿಯೂ ಇರಲಿಲ್ಲ. ಚುನಾವಣೆಯೆಂಬುದು ಬಂದದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ. ಆಗಲೂ ವೋಟಿನ ಹಕ್ಕು ಕಂದಾಯದ ಲೆಕ್ಕಕ್ಕೆ ಕಟ್ಟುಬಿದ್ದಿದ್ದಿತು. ಗೊತ್ತಾದ ಮೊತ್ತಕ್ಕೆ ಕಡಮೆಯಿಲ್ಲದಂತೆ ಕಂದಾಯ ಕಟ್ಟುವವನು ಪ್ರಜೆಯ ಪರವಾಗಿ ಮಾತನಾಡಬಹುದು. ಗೇಣಿಗೆ ಗೆಯ್ಯುವವನ ಹೆಸರು ಶಾನುಭೋಗರ ಖಾತೆಯಲ್ಲಿಯೇ ಇಲ್ಲ, ಇನ್ನು ಮತದಾರರ ಪಟ್ಟಿಯಲ್ಲಿ ಎಲ್ಲಿಂದ ಬಂದೀತು? ಹೀಗಿದ್ದರೂ ಈ ಸಭೆಯನ್ನು ಹಗುರಾಗಿ ಕಾಣಲು ನಮಗೆ ಮನಸ್ಸಾಗದು. ಸರ್ಕಾರವು ವರ್ಷಕ್ಕೊಮ್ಮೆ ರೈತರೆದುರಿಗೆ ನಿಂತು ಲೆಕ್ಕ ಒಪ್ಪಿಸುವುದೆಂಬ ಪದ್ಧತಿ ಆ ಕಾಲದಲ್ಲಿ ಅಪೂರ್ವವಾಗಿದ್ದಿತು.

ಆಸ್ತಿಯ ಮೇಲೆ ನಿಂತ ವೋಟಿನ ಹಕ್ಕು ನಮ್ಮವರದೇ ಒಂದು ಕುಂದೆಂದು ಎಣಿಸಬೇಕಾದುದೂ ಇಲ್ಲ. ಪಾರ್ಲಿಮೆಂಟುಗಳ ತಾಯಿ ಎನಿಸಿಕೊಂಡ ದೇಶದ ಸಂಗತಿಯನ್ನೇ ನೋಡಬಹುದು. ಸ್ಕಾಟ್‌ಲೆಂಡಿನ ಪಶ್ಚಿಮ ತೀರದಲ್ಲಿ ಬ್ಯೂಟ್ ಎಂಬ ಹಳ್ಳಿಗಾಡಿನ ದ್ವೀಪ ಕೌಂಟಿಯುಂಟು. ಅಲ್ಲಿ ಸುಮಾರು 14,000 ಜನರಿದ್ದರೂ ಮತದಾರರು 21 ಮಂದಿ. ಅವರಲ್ಲಿ ಕೌಂಟಿಯೊಳಗೆ ವಾಸವಾಗಿದ್ದವನು ಒಬ್ಬನೇ. ಒಂದು ಚುನಾವಣೆಗೆ ಅಧಿಕಾರಿಯನ್ನು ಬಿಟ್ಟರೆ ಒಬ್ಬ ಮತದಾರ ಮಾತ್ರ ಬಂದನಂತೆ. ತಾನೇ ಅಧ್ಯಕ್ಷಪೀಠವನ್ನೇರಿ, ತನ್ನ ಹೆಸರನ್ನು ತಾನೇ ಸೂಚಿಸಿ, ತಾನೇ ಅನುಮೋದಿಸಿ, ಸರ್ವಾನುಮತದಿಂದ ತನ್ನನ್ನು ತಾನು ಆರಿಸಿಕೊಂಡನೆಂದು 1831ರಲ್ಲಿ ಪಾರ್ಲಿಮೆಂಟಿನಲ್ಲಿಯೇ ಹೇಳಲಾಯಿತು. ಆವರೆಗೆ ಬ್ಯೂಟಿಗೆ ಪ್ರತಿ ಪಾರ್ಲಿಮೆಂಟಿನಲ್ಲಿಯೂ ಸ್ಥಾನವಿರಲಿಲ್ಲ; ದೇಶದ ಇನ್ನೊಂದು ತುದಿಯಲ್ಲಿದ್ದ ಕೇತ್‌ನೆಸ್‌ನೊಡನೆ ಸರದಿಯ ಮೇಲೆ ಹಂಚಿಕೊಳ್ಳಬೇಕಾಗಿತ್ತು. 1832ರ ಸುಧಾರಣೆಯಿಂದ ಸ್ಕಾಟ್‌ಲೆಂಡಿನ ಮತದಾರರು ಸುಮಾರು 4,500ರಿಂದ 65,000ಕ್ಕೆ ಏರಿದರು. ಬ್ಯೂಟಿಗೆ ತನ್ನದೇ ಸ್ಥಾನ ದೊರೆಯಿತು. 1918ರಲ್ಲಿ ಅದನ್ನು ಉತ್ತರ ಏರ್‌ಷೈರ್‌ನೊಡನೆ ಕೂಡಿಸಿದರು. ಜನರ ತಲೆಯೆಣಿಕೆ ಹೆಚ್ಚಿದಂತೆಲ್ಲ ಊರುಗಳನ್ನು ಅಗಲಿಸುವುದೂ ಜೋಡಿಸುವುದೂ ನಡೆದೇ ಇರುವುದು ಎಂಬುದಕ್ಕಾಗಿ ಇಷ್ಟನ್ನು ಹೇಳಿದೆವು. ಇನ್ನು ನಮ್ಮ ಸೀಮೆಗೆ ಹಿಂದಿರುಗೋಣ.

ಮುಂದಿನ ಮೆಟ್ಟಲುಗಳನ್ನು ಬೇಗ ಹತ್ತಿಬಿಡಬಹುದು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. 1917ರಲ್ಲಿ ವಿಶ್ವೇಶ್ವರಯ್ಯನವರು ಪ್ರತಿನಿಧಿ ಸಭೆಗೆ ವರ್ಷದಲ್ಲಿ ಎರಡನೆಯ ಅಧಿವೇಶನವನ್ನು ಏರ್ಪಡಿಸಿದರು. 1923ರ ಶಾಸನದಿಂದ ಸಭೆಗೆ ಕಾಯಿದೆಯ ಆಧಾರ ದೊರೆಯಿತು. ಸ್ತ್ರೀಯರಿಗೆ ಸ್ತ್ರೀಯರೆಂಬ ಕಾರಣದಿಂದಲೇ ಇದ್ದ ತಡೆ ಹೋಯಿತು. 1940ರ ಸುಧಾರಣೆಯಲ್ಲಿ ಪ್ರತಿನಿಧಿ ಸಭೆಯ ಸದಸ್ಯರು 310 ಆದರು. ಸಂಖ್ಯೆ ಬೆಳೆಯಿತು, ಅಧಿಕಾರ ಅರಮನೆಯ ಕಡೆಯಲ್ಲಿಯೇ ಉಳಿಯಿತು. 1947ರ ಸೆಪ್ಟೆಂಬರಿನ ಮೈಸೂರು ಚಲೋ ಚಳವಳಿಯ ನಂತರ, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಏರ್ಪಟ್ಟಿತು. 1949ರಲ್ಲಿ ರಂಗಾಚಾರ್ಲು ಅವರ ಸಭೆ ಮುಗಿಯಿತು.

ಹೀಗೆ ನಾವು 1951–52ರ ಮೊದಲನೆಯ ಮಹಾಚುನಾವಣೆಗೆ ಬಂದೆವು. ಅಂದಿನ ಮೈಸೂರು ರಾಜ್ಯಕ್ಕೆ ಲೋಕಸಭೆಯಲ್ಲಿ 11 ಸ್ಥಾನಗಳು, 9 ಕ್ಷೇತ್ರಗಳು. ಕೋಲಾರ ಮತ್ತು ಮೈಸೂರು ಮಾತ್ರ ಇಬ್ಬಿಬ್ಬರನ್ನು ಕಳುಹಿಸುವ ಕ್ಷೇತ್ರಗಳು. ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಗಳ ಹೆಸರನ್ನು ಕೂಡಿಸಿ ಒಂದು ಕ್ಷೇತ್ರವಾಯಿತು. 1947ರವರೆಗೆ ಕಡೂರು ಜಿಲ್ಲೆಯೆಂದೇ ಕರೆಯಲ್ಪಡುತ್ತಿದ್ದುದೇ ಈ ಚಿಕ್ಕಮಗಳೂರು ಜಿಲ್ಲೆ. 21 ವಯಸ್ಸು ತುಂಬಿದವರಿಗೆಲ್ಲ ವೋಟು. ಕಂದಾಯ ಎಷ್ಟೆಂದು ಯಾರೂ ಕೇಳಲಿಲ್ಲ. ಕಾಫಿ ತೋಟದ ಕೂಲಿಯಾಳು, ಬೇಲೂರಿನ ಬೀದಿಯ ವಿಧವೆ, ಅರಸೀಕೆರೆಯ ರೈಲ್ವೆ ಹಮಾಲಿ, ಹಳೇಬೀಡಿನ ಕೆರೆಯ ಕೆಳಗೆ ವಾರಕ್ಕೆ ಗೆಯ್ಯುವವನು, ಇವರೆಲ್ಲರೂ ಜಮೀನ್ದಾರನಿಗೆ ಸರಿಸಮನಾಗಿ ಒಂದೊಂದೇ ಚೀಟಿಯನ್ನು ಹಿಡಿದು ಸಾಲಿನಲ್ಲಿ ನಿಂತರು. ಆ ಚುನಾವಣೆಯಲ್ಲಿ ಚೀಟಿಯ ಮೇಲೆ ಗುರುತು ಹಾಕುವ ಕೆಲಸವೂ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಅವನ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಬೇಕಾದವನ ಪೆಟ್ಟಿಗೆಯೊಳಗೆ ಚೀಟಿಯನ್ನು ಹಾಕಿ ಬಂದರಾಯಿತು. ಅಕ್ಷರವಿಲ್ಲದವನಿಗೆ ಅವಮಾನವಾಗದ ಏರ್ಪಾಡು ಎಂಬ ಕಾರಣಕ್ಕೆ ಅದು ನಮಗೆ ಮೆಚ್ಚಿಕೆ. ಜೋಡೆತ್ತಿನ ಗುರುತಿನ ಕಾಂಗ್ರೆಸ್ಸಿಗೆ 11ರಲ್ಲಿ 10 ಸ್ಥಾನ ಬಂದುವು. ಹಾಸನ–ಚಿಕ್ಕಮಗಳೂರಿನಿಂದ ಆರಿಸಿ ಹೋದವರು ಆ ಪಕ್ಷದ ಎಚ್. ಸಿದ್ಧನಂಜಪ್ಪನವರು.

ಇಷ್ಟು ದೊಡ್ಡ ಸೀಮೆಗೆ ಒಬ್ಬನೇ ಸದಸ್ಯನೆ ಎಂಬುದು ಇಲ್ಲಿ ಏಳುವ ಪ್ರಶ್ನೆ. ಪ್ರತಿನಿಧಿ ಸಭೆಯ ಕಾಲದಲ್ಲಿ ವೋಟಿದ್ದವರು ಕೆಲವರು, ಆದರೆ ತಾಲ್ಲೂಕಿಗೇ ಒಬ್ಬ ಪ್ರತಿನಿಧಿ ಇದ್ದನು. ಹೊಸ ಕಾಲದಲ್ಲಿ ವೋಟು ಎಲ್ಲರಿಗೂ, ಪ್ರತಿನಿಧಿಯೋ ಎರಡು ಜಿಲ್ಲೆಗೆ ಒಬ್ಬ. ಅರಸೀಕೆರೆ ಮೈದಾನ ಸೀಮೆ; ಮಳೆ ಕಡಮೆ, ಕೆರೆ ತುಂಬಿದರೆ ಬದುಕು, ತೆಂಗು ಕೊಬ್ಬರಿಗಳೇ ಗಂಟು. ಬೇಲೂರು ಅರೆಮಲೆನಾಡು; ಯಗಚಿಯ ದಡ ದಾಟಿ ಪಡುವಣಕ್ಕೆ ನಡೆದರೆ ಕಾಫಿ, ಏಲಕ್ಕಿ. ಒಬ್ಬನ ಪ್ರಾರ್ಥನೆ ಮಳೆ ಬರಲೆಂದು, ಇನ್ನೊಬ್ಬನದು ಕೊಯ್ಲಿನ ವೇಳೆಗೆ ಮಳೆ ನಿಲ್ಲಲೆಂದು. ಇಬ್ಬರ ಪರವಾಗಿಯೂ ದೆಹಲಿಯಲ್ಲಿ ಒಬ್ಬನೇ ಬಾಯಿ ತೆರೆಯಬೇಕು.

ಆದರೂ ಈ ಜೋಡಣೆ ಗುಮಾಸ್ತೆಯು ಕುರುಡಾಗಿ ಗೆರೆ ಎಳೆದದ್ದೆಂದು ನಾವು ಒಪ್ಪಲಾರೆವು. ನಕ್ಷೆಯನ್ನು ಬಿಟ್ಟು ನಡೆದಾಡುವ ದಾರಿಯನ್ನು ನೋಡಬೇಕು. ಬೇಲೂರಿನಿಂದ ಚಿಕ್ಕಮಗಳೂರು ಸುಮಾರು 25 ಕಿಲೋಮೀಟರು. ತನ್ನ ಜಿಲ್ಲೆಯ ಕಸಬೆಯಾದ ಹಾಸನ ಅದಕ್ಕಿಂತ ದೂರ. ಅರಸೀಕೆರೆಯಿಂದ ರೈಲು ಹತ್ತಿದರೆ ಬಾಣಾವರ ಕಳೆದು ಬರುವುದು ಕಡೂರು. ಜಿಲ್ಲೆ ಬದಲಾಯಿತೆಂಬುದು ಕಿಟಕಿಯಿಂದ ನೋಡುವವನಿಗೆ ತಿಳಿಯುವುದೇ ಇಲ್ಲ. ಅದೇ ಕೆಮ್ಮಣ್ಣು, ಅದೇ ರಾಗಿ, ಅದೇ ತೆಂಗು. ಹಳೇಬೀಡು ಈ ಎರಡು ದಾರಿಗಳ ನಡುವೆ ಬೇಲೂರಿಗೆ ಸುಮಾರು 16 ಕಿಲೋಮೀಟರು ದೂರದಲ್ಲಿ ಕುಳಿತಿದೆ. ಹೆಣ್ಣು ಕೊಟ್ಟು ತರುವುದು, ಸಂತೆಗೆ ಹೋಗುವುದು ಜಿಲ್ಲೆಯ ಗಡಿಗಲ್ಲನ್ನು ಕೇಳಿ ನಡೆಯುವ ಕೆಲಸಗಳಲ್ಲ. ಈ ದೃಷ್ಟಿಯಿಂದ ನೋಡಿದರೆ, ಆ ಅಲ್ಪಾಯುಷಿ ಕ್ಷೇತ್ರವೇ ಬೇಲೂರು ಅರಸೀಕೆರೆಗಳ ನಿತ್ಯಜೀವನಕ್ಕೆ ಜಿಲ್ಲೆಯ ಗೆರೆಗಿಂತ ಹೆಚ್ಚು ಹೊಂದಿಕೊಂಡಿದ್ದಿತೆಂಬುದು ನಮ್ಮ ಅಭಿಪ್ರಾಯ.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಹೊಸ ಮೈಸೂರು ರಾಜ್ಯಕ್ಕೆ ಲೋಕಸಭೆಯಲ್ಲಿ 26 ಸ್ಥಾನಗಳಾದುವು. ಗೆರೆಗಳನ್ನೆಲ್ಲ ಮತ್ತೆ ಎಳೆದರು. 1957ರಲ್ಲಿ ಕ್ಷೇತ್ರದ ಹೆಸರು ಬರಿಯ ಹಾಸನ. ಸಿದ್ಧನಂಜಪ್ಪನವರು ಆ ವರ್ಷವೂ 1962ರಲ್ಲಿಯೂ ಅಲ್ಲಿಂದಲೇ ಗೆದ್ದರು. 1967ರಲ್ಲಿ ಹಾಸನವು ಸ್ವತಂತ್ರ ಪಕ್ಷದ ಎನ್. ಶಿವಪ್ಪನವರನ್ನು ಕಳುಹಿಸಿತು, ಅದೇ ಚುನಾವಣೆಯಲ್ಲಿ ಚಿಕ್ಕಮಗಳೂರು ತನ್ನದೇ ಹೆಸರಿನ ಕ್ಷೇತ್ರವಾಗಿ ಸದಸ್ಯನನ್ನು ಆರಿಸಿತು. ಅಗಲಿದ ಎರಡು ಹೋಳುಗಳಿಗೂ ಬೇರೆ ಬೇರೆಯಾಗಿ ಪ್ರಸಿದ್ಧಿ ಬಂದುದು ಒಂದು ವಿಚಿತ್ರ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಉಪಚುನಾವಣೆಗೆ ಚಿಕ್ಕಮಗಳೂರನ್ನು ಆರಿಸಿಕೊಂಡು, ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಮರಳಿದರು. ಡಿಸೆಂಬರಿನಲ್ಲಿಯೇ ಸಭೆ ಅವರನ್ನು ಉಚ್ಚಾಟಿಸಿತು. ಹಾಸನದಿಂದ 1991ರಲ್ಲಿ ಲೋಕಸಭೆ ಸೇರಿದ ಎಚ್. ಡಿ. ದೇವೇಗೌಡರು 1996ರಲ್ಲಿ ಪ್ರಧಾನಮಂತ್ರಿಗಳಾದರು. ಆಗ ಅವರು ಹಾಸನದ ಲೋಕಸಭಾ ಸದಸ್ಯರಾಗಿರಲಿಲ್ಲ, ರಾಜ್ಯಸಭೆಯ ಮೂಲಕ ಪಾರ್ಲಿಮೆಂಟನ್ನು ಸೇರಿದರು ಎಂಬುದನ್ನು ಹಾಸನದವರೇ ಮರೆಯುವುದುಂಟು.

ಬೇಲೂರಿನ ವಿಧಾನಸಭಾ ಸ್ಥಾನವನ್ನು ಕುರಿತು ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆವು. 2008ರ ಪುನರ್ವಿಂಗಡಣೆಯವರೆಗೆ ಅದು ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿದ್ದಿತು; ಆಮೇಲೆ ಆ ಮೀಸಲು ಸಕಲೇಶಪುರಕ್ಕೆ ಹೋಯಿತು. ಚೆನ್ನಕೇಶವನ ಗುಡಿಯೊಳಕ್ಕೆ ಆ ಜನ ವರ್ಷದಲ್ಲಿ ಗೊತ್ತಾದ ಕೆಲವು ದಿನ ಮಾತ್ರ ಬರಬಹುದೆಂಬ ಕಟ್ಟಳೆ ಹಿಂದೆ ಇದ್ದಿತು. ಅದನ್ನೇ ದೊಡ್ಡ ಔದಾರ್ಯವೆಂದು ಹೊಗಳಿದವರೂ ಇದ್ದರು. ಅಂಥ ಊರಿನ ಪರವಾಗಿ ವಿಧಾನಸೌಧದಲ್ಲಿ ಅವರಲ್ಲೊಬ್ಬನು ವರ್ಷವರ್ಷವೂ ಎದ್ದುನಿಂತು ಮಾತನಾಡಿದನೆಂಬುದನ್ನು ಬೇಲೂರಿನ ಚರಿತ್ರೆ ಬರೆಯುವವರು ಶಿಲಾಬಾಲಿಕೆಯರ ವರ್ಣನೆಯ ನಡುವೆ ಒಂದು ಸಾಲಾದರೂ ಬರೆಯಬೇಕಾಗಿತ್ತು.

ಹಳೇಬೀಡಿನ ಭಾಗ್ಯವೇ ಬೇರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ ಅದರ ದೇವಾಲಯವೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳ ಪಟ್ಟಿಯಲ್ಲಿ ಮಾತ್ರ ಹೊಯ್ಸಳರ ರಾಜಧಾನಿಯ ಹೆಸರಿಲ್ಲ. ಅದು ಬೇಲೂರಿನೊಳಗೆ ಅಡಗಿದೆ.

ಅದೇ 2008ರ ಪುನರ್ವಿಂಗಡಣೆ ಇನ್ನೆರಡು ಕೆಲಸ ಮಾಡಿತು. ಅರಸೀಕೆರೆ ತಾಲ್ಲೂಕಿನ ಗಂಡಸಿ ಎಂಬ ಹೋಬಳಿಯ ಊರು ತನ್ನ ಹೆಸರಿನ ವಿಧಾನಸಭಾ ಕ್ಷೇತ್ರವನ್ನು ಕಳೆದುಕೊಂಡಿತು. ಪೇಟೆಯಿಲ್ಲದ, ಹೊಲಗದ್ದೆಗಳೇ ಹೆಚ್ಚಾದ ಕ್ಷೇತ್ರ ಅದು; ಪಟ್ಟಣಗಳ ತಲೆಯೆಣಿಕೆ ಏರಿದಾಗ ಮೊದಲು ಅಳಿಯುವುದು ಇಂಥವೇ. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವೂ ಮುಗಿಯಿತು. ಅದರ ಮಲೆನಾಡಿನ ಭಾಗವನ್ನು ಘಟ್ಟದ ಕೆಳಗಿನ ಉಡುಪಿಯೊಡನೆ ಕೂಡಿಸಿ ಉಡುಪಿ–ಚಿಕ್ಕಮಗಳೂರು ಎಂದು ಹೆಸರಿಟ್ಟರು. ಆಗ ಕಡೂರನ್ನು ಮಾತ್ರ ಆ ಗುಂಪಿನಲ್ಲಿ ಸೇರಿಸಲಿಲ್ಲ. ಜಿಲ್ಲೆಯಿಂದ ಚಿಕ್ಕಮಗಳೂರಿಗೆ ಸೇರಿದ ಆ ತಾಲ್ಲೂಕು 2009ರ ಲೋಕಸಭಾ ಚುನಾವಣೆಯಲ್ಲಿ ಅರಸೀಕೆರೆ, ಬೇಲೂರು, ಶ್ರವಣಬೆಳಗೊಳ, ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ, ಹಾಸನಗಳ ಜೊತೆಯಲ್ಲಿ ಹಾಸನದ ಸದಸ್ಯನಿಗೆ ವೋಟು ಹಾಕಿತು. ಅಂದಿನಿಂದ ಹಾಗೆಯೇ ಹಾಕುತ್ತಲೂ ಇದೆ. 1952ರ ಪಟ್ಟಿಯಲ್ಲಿದ್ದ ಜೋಡಿ ಹೆಸರು ಹಿಂದಿರುಗಲಿಲ್ಲ. ಅರಸೀಕೆರೆಯಿಂದ ಬಾಣಾವರದ ಮೇಲೆ ಕಡೂರಿಗೆ ಹೋಗುವ ರೈಲು ದಾರಿಯ ಎರಡು ತುದಿಗಳೂ ಮಾತ್ರ ಮತ್ತೆ ಒಂದೇ ಕ್ಷೇತ್ರದಲ್ಲಿವೆ.