ಬಟ್ಟೆ ಬಿಟ್ಟು ಗಾಳಿ ಹಿಡಿದ ಕಾರುಗಳು

ಯಾದವಗಿರಿಯಲ್ಲಿ ಬೆಳಗ್ಗೆ ಆರೂವರೆಗೆ ನಡೆಯಲು ಹೊರಟರೆ ಮೊದಲೆಲ್ಲ ಕೇಳುತ್ತಿದ್ದದ್ದು ರೈಲಿನ ಕೂಗು, ಅದು ಬಿಟ್ಟರೆ ಗೇಟಿನೊಳಗೆ ಬಕೆಟ್ ಎಳೆಯುವ ಸದ್ದು. ಈಗ ಇನ್ನೊಂದು ಸೇರಿಕೊಂಡಿದೆ. ಮಿಕ್ಸಿಯನ್ನು ಕಿವಿಯ ಪಕ್ಕ ಹಿಡಿದಂಥ ಕಿರುಚಾಟ. ಮೊದಲ ದಿನ ಯಾರೋ ಮರ ಕೊಯ್ಯುತ್ತಿದ್ದಾರೆ ಅಂದುಕೊಂಡು ಇಣುಕಿ ನೋಡಿದೆ. ತೊಳೆದ ಕಾರಿಗೆ ಗಾಳಿ ಹೊಡೆಯುತ್ತಿದ್ದರು.

ನಮ್ಮೂರ ಕಡೆ ಕಾರು ತೊಳೆಯುವ ಜಾಗಕ್ಕೆ ಇವತ್ತಿಗೂ 'ವಾಟರ್ ಸರ್ವಿಸ್' ಅಂತಲೇ ಹೆಸರು. ಗಾಡಿಯನ್ನು ರ‍್ಯಾಂಪ್ ಹತ್ತಿಸಿ, ಪೈಪಿನಲ್ಲಿ ನೀರು ಬಿಟ್ಟು, ಕೆಳಗಿಳಿಸಿದ ಮೇಲೆ ಒಣಗಿಸುವ ಕೆಲಸ ಬಿಸಿಲಿನದು. ಉಳಿದದ್ದಕ್ಕೆ ಬನಿಯನ್ ವೇಸ್ಟ್. ಹಾಗೆ ಬಿಸಿಲಿಗೆ ಬಿಟ್ಟ ಕಾರಿನ ಮೇಲೆ ಬಿಳಿ ಚುಕ್ಕೆಗಳು ಮೂಡುತ್ತವೆ. ಬೋರ್‌ವೆಲ್ ನೀರಾದರೆ ಹೇಳುವುದೇ ಬೇಡ. ಹನಿ ಆರುತ್ತದೆ, ಅದರೊಳಗಿನ ಸುಣ್ಣದ ಅಂಶ ಬಣ್ಣದ ಮೇಲೇ ಕೂರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಆ ತಾಪತ್ರಯ ಕಡಿಮೆ. ಆದರೆ ಬಟ್ಟೆಗೆ ಒಂದು ಮರಳಿನ ಕಣ ಸಿಕ್ಕಿದರೂ ಬಾನೆಟ್ ಉದ್ದಕ್ಕೂ ಗೀರು.

ಬ್ಲೋವರ್ ಮಾಡುವ ಕೆಲಸ ಇವೆರಡಕ್ಕಿಂತ ಬೇರೆ. ಅದು ನೀರನ್ನು ಆರಿಸುವುದಿಲ್ಲ, ತಳ್ಳುತ್ತದೆ. ಹನಿ ಹನಿಯಾಗಿಯೇ ಓಡುತ್ತದೆ, ಜೊತೆಗೆ ಅದರ ಸುಣ್ಣವೂ ಹೋಗುತ್ತದೆ. ಕನ್ನಡಿಯ ಸಂದು, ಬಾಗಿಲ ಹಿಡಿ, ನಂಬರ್ ಪ್ಲೇಟಿನ ಹಿಂಬದಿ, ಹೀಗೆ ಬಟ್ಟೆ ಹೋಗದ ಕಡೆಗೂ ಗಾಳಿ ಹೋಗುತ್ತದೆ. ಯಾದವಗಿರಿಯ ಪಕ್ಕದಲ್ಲೇ ಇರುವ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಿಎಫ್‌ಟಿಆರ್‌ಐನವರಿಗೆ ಒಣಗಿಸುವುದು ಎಂದರೆ ಇದಕ್ಕೆ ತಿರುಗುಮುರುಗು. ಎಮ್ಮೆ ಹಾಲಿನಿಂದ ಮಕ್ಕಳ ಆಹಾರದ ಪುಡಿ ಮಾಡುವ ವಿಧಾನ ರೂಪಿಸಿದ್ದು ಅಲ್ಲೇ. ಅಲ್ಲಿ ನೀರು ಆವಿಯಾಗಬೇಕು, ಅದರಲ್ಲಿದ್ದದ್ದು ಉಳಿಯಬೇಕು. ಕಾರಿನ ಮೇಲೆ ಏನೂ ಉಳಿಯಬಾರದು.

ಗಾಳಿಯನ್ನು ಕೆಲಸಕ್ಕೆ ಹಚ್ಚುವುದು ನಮಗೇನೂ ಹೊಸದಲ್ಲ. 'ಗಾಳಿ ಬಂದಾಗ ತೂರಿಕೋ' ಅಂದವರು ಕಣದಲ್ಲಿ ಮೊರ ಹಿಡಿದು ಗಾಳಿಗೆ ಕಾದು ನಿಂತವರು. ಕಾಯದೆ ಗಾಳಿಯನ್ನು ತಾನೇ ಮಾಡಿಕೊಂಡವನು ಕುಲುಮೆಯವನು. ಅವನ ತಿದಿಯೇ ನಮ್ಮ ಮೊದಲ ಬ್ಲೋವರ್. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ರೂಟ್ಸ್ ಸೋದರರು 1859ರ ಸುಮಾರಿಗೆ ಹೊಸ ಬಗೆಯ ನೀರಿನ ಚಕ್ರ ಮಾಡಲು ಹೊರಟಿದ್ದರು. ನೀರಿಗೆಂದು ಮಾಡಿದ್ದು ಗಾಳಿ ಊದಲು ಚೆನ್ನಾಗಿ ಒದಗಿತು, ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಹೋಯಿತು. ಕಾರಿನ ಬ್ಲೋವರಿನೊಳಗೆ ತಿರುಗುವುದು ಆ ಯಂತ್ರವಲ್ಲ, ರೆಕ್ಕೆಗಳ ಫ್ಯಾನ್. ಆದರೂ ಕಥೆ ನೆನಪಿಡುವಂಥದ್ದು.

ಇನ್ನೊಂದು ಕಥೆ ವ್ಯಾಕ್ಯೂಮ್ ಕ್ಲೀನರಿನದು. 1901ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಗಾಳಿ ಊದಿ ಧೂಳು ತೆಗೆಯುವ ಯಂತ್ರವೊಂದನ್ನು ನೋಡಿದ. ಹಾರಿದ ಧೂಳು ಮತ್ತೆ ಅಲ್ಲೇ ಕೂರುತ್ತಿತ್ತು. ಊದುವ ಬದಲು ಎಳೆದರೆ ಹೇಗೆ ಅಂತ ಅವನಿಗೆ ಹೊಳೆಯಿತು. ಮುಂದೆ ಮನೆಮನೆಗೆ ಬಂದ ಆ ಯಂತ್ರದ ಹಿಂಬದಿಯಿಂದ ಬರುವ ಗಾಳಿಗೆ ಪೈಪು ಹಾಕಿ ಹೆಂಗಸರು ತಲೆಗೂದಲು ಒಣಗಿಸಿಕೊಂಡದ್ದೂ ಉಂಟು. ಇವತ್ತು ಕೈಯಲ್ಲಿ ಹಿಡಿದು ಕಾರಿಗೆ ಹೊಡೆಯುವ ಬ್ಲೋವರ್ ಇದೇ ವಂಶದ್ದು.

ಕಾರಿನ ವಿಷಯಕ್ಕೆ ಬಂದರೆ ಎಲ್ಲ ಡೆಟ್ರಾಯಿಟ್‌ನಲ್ಲೇ. 1914ರಲ್ಲಿ ಅಲ್ಲಿ ತೆರೆದ 'ಆಟೊಮೊಬೈಲ್ ಲಾಂಡ್ರಿ'ಯಲ್ಲಿ ಕಾರನ್ನು ಆಳುಗಳೇ ತಳ್ಳಿಕೊಂಡು ಹೋಗುತ್ತಿದ್ದರು. ಒಬ್ಬ ಸೋಪು ಹಚ್ಚುವವನು, ಒಬ್ಬ ತೊಳೆಯುವವನು, ಕೊನೆಗೊಬ್ಬ ಒರೆಸುವವನು. 1946ರಲ್ಲಿ ಥಾಮಸ್ ಸಿಂಪ್ಸನ್ ಅದೇ ಊರಲ್ಲಿ ಮಾಡಿದ ಅರೆಯಾಂತ್ರಿಕ ವ್ಯವಸ್ಥೆಯಲ್ಲಿ ಬ್ರಷ್‌ಗಳನ್ನು ಕೈಯಲ್ಲೇ ಆಡಿಸಬೇಕಿತ್ತು. ಕೊನೆಗೆ ಒಣಗಿಸಲು ಮಾತ್ರ 50 ಅಶ್ವಶಕ್ತಿಯ ಬ್ಲೋವರ್ ಬಂದಿತ್ತು. ಉಜ್ಜುವ ಕೈ ಉಳಿದೇ ಇದ್ದಾಗ ಒರೆಸುವ ಕೈಗೆ ಬದಲಿ ಸಿಕ್ಕಿತ್ತು ಎಂಬುದನ್ನು ಗಮನಿಸಿ.

ಕೂಲಿ ದುಬಾರಿಯಾದ ಊರಲ್ಲಿ ಯಂತ್ರ ಬೇಗ ಬರುತ್ತದೆ. ನಮ್ಮಲ್ಲಿ ತಡವಾದದ್ದಕ್ಕೆ ಕಾರಣ ತಂತ್ರಜ್ಞಾನ ಗೊತ್ತಿಲ್ಲದ್ದಲ್ಲ, ಒರೆಸುವ ಕೈ ಅಗ್ಗವಾಗಿದ್ದದ್ದು ಅನ್ನುವುದು ನನ್ನ ಅನಿಸಿಕೆ.

ನೀರಿನ ಮಾತನ್ನೂ ಆಡಬೇಕು. ಮೈಸೂರಿಗೆ ಕಾವೇರಿ ನೀರು ಕೊಡುವ ವಾಣಿವಿಲಾಸ ನೀರು ಸರಬರಾಜು ಕಚೇರಿ ಇರುವುದೂ ಇದೇ ಯಾದವಗಿರಿಯಲ್ಲಿ. 1895ರಿಂದ 1902ರವರೆಗೆ ರಾಜ್ಯಭಾರ ನೋಡಿಕೊಂಡ ಮಹಾರಾಣಿಯವರ ಹೆಸರು ಅದಕ್ಕೆ. ಆ ಕಚೇರಿಯ ನೆರೆಯಲ್ಲೇ ಕುಡಿಯುವ ನೀರು ಕಾರಿನ ಮೇಲಿಂದ ಚರಂಡಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಎಂದಿತು. ಬ್ಲೋವರ್ ಇದ್ದರೆ ನೀರು ಉಳಿಯುತ್ತದೆ ಅನ್ನುವವರಿದ್ದಾರೆ. ಇಲ್ಲ. ಅದರ ಕೆಲಸ ಶುರುವಾಗುವುದೇ ನೀರು ಖರ್ಚಾದ ಮೇಲೆ.

ಅದೇ ಮಾರ್ಚ್‌ನಲ್ಲಿ, ಅದೇ ಬೆಂಗಳೂರಿನಲ್ಲಿ, ವಾಹನ ಒಣಗಿಸುವ ಬ್ಲೋವರಿನಿಂದ ಒಬ್ಬ ಯುವಕ ಸತ್ತ. ಸ್ನೇಹಿತ ತಮಾಷೆಗೆಂದು ಅದರ ಗಾಳಿಯನ್ನು ಅವನ ದೇಹದೊಳಕ್ಕೆ ಬಿಟ್ಟಿದ್ದ, ಕರುಳು ತಡೆಯಲಿಲ್ಲ. ಸರ್ವಿಸ್ ಸ್ಟೇಷನ್‌ಗಳಲ್ಲಿ ಹುಡುಗರು ಬೆವರಾರಿಸಿಕೊಳ್ಳಲು ಅಂಗಿಯೊಳಗೆ ಗಾಳಿ ಬಿಟ್ಟುಕೊಳ್ಳುವುದನ್ನು ನಾನೇ ಎಷ್ಟೋ ಸಲ ನೋಡಿ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ. ಬಟ್ಟೆ ಹಿಡಿದವನಿಗೆ ಯಾರೂ ಹುಷಾರು ಹೇಳಬೇಕಿರಲಿಲ್ಲ. ಗಾಳಿ ಹಿಡಿದವನಿಗೆ ಹೇಳಬೇಕಿತ್ತು, ಹೇಳುವವರಿರಲಿಲ್ಲ.

ನಾನು ನಡೆಯುವ ರಸ್ತೆಯಲ್ಲಿ ಮನೆಮನೆಗೆ ಹೋಗಿ ಕಾರು ಒರೆಸುವ ಒಬ್ಬ ಅಕ್ಕ ಇದ್ದಾರೆ. ಗಾಳಿ ಮಿಷನ್ ಬಂದ ಮನೆಯ ಬಗ್ಗೆ ಕೇಳಿದೆ. 'ಆ ಮನೇದು ಹೋಯ್ತು ಕಣಪ್ಪ. ಒರೆಸೋದು ಈಗ ಅವ್ರ ಮಗಂಗೆ ಆಟ ಆಗದೆ' ಅಂದರು. ಬೇಜಾರಾಯ್ತಾ ಅಂದೆ. 'ಬೇಜಾರು ಯಾಕೆ? ಚಳೀಲಿ ತಣ್ಣೀರಲ್ಲಿ ಕೈ ಅದ್ದೋದು ಒಂದು ಮನೆ ಕಮ್ಮಿ ಆಯ್ತು. ದುಡ್ಡೂ ಕಮ್ಮಿ ಆಯ್ತಲ್ಲ, ಅದೇಯ.'

ಆಷಾಢದ ಜಿಟಿಜಿಟಿಯಲ್ಲಿ ಅವರಿಗೆ ಬೇರೆಯದೇ ಪೀಕಲಾಟ. ನಿನ್ನೆಯ ಒರೆಸುವ ಬಟ್ಟೆಗಳು ಒಣಗಿರುವುದಿಲ್ಲ. ಮೊನ್ನೆ ನೋಡಿದಾಗ ನಾಲ್ಕನ್ನೂ ಹಿಂಡಿ ಕಾಂಪೌಂಡಿನ ಮೇಲೆ ಹರವಿ, ಮರದ ಕೆಳಗೆ ಕೂತಿದ್ದರು. ಇನ್ನೂ ಮೂರು ಕಾರು ಬಾಕಿ ಇದ್ದವು. ಎರಡು ಮನೆ ಆಚೆ ಬ್ಲೋವರ್ ಕಿರುಚುತ್ತಿತ್ತು.