‘ನನಗೆ’ ಹೋಗಿ ‘ನಾನು’ ಬಂದದ್ದು

ಇದಕ್ಕಿಂತ ಅದು ಮೇಲು ಎನ್ನುವುದು, ಕೈಮೀರಿ ಹೋದುದಕ್ಕೆ ಹಳಹಳಿಸುವುದು, ಈ ಎರಡೂ ಮನುಷ್ಯನ ನಾಲಗೆಗೆ ದಿನದಿನದ ಕೆಲಸಗಳು. ಇಷ್ಟು ಬಳಕೆಯ ಮಾತಿನಲ್ಲಿ ತೊಡಕೇನಿರಬೇಕು ಎಂದು ತೋರುವುದು ಸಹಜ. ಆದರೆ ಇಂಗ್ಲಿಷ್ ವ್ಯಾಕರಣದಲ್ಲಿ ನಮ್ಮ ಹುಡುಗರು ಎಡವುವುದು ಇಲ್ಲಿಯೇ. ‘ಐ ವುಡ್ ರಾದರ್ ಗೋ’ ಎಂಬಲ್ಲಿ ಹೋಗುವುದು ಇನ್ನು ಮುಂದಿನ ಮಾತು. ‘ವುಡ್’ ಮಾತ್ರ ಹಿಂದಣ ಕಾಲದ ರೂಪ. ‘ಐ ವಿಷ್ ಐ ವರ್ ರಿಚ್’ ಎನ್ನುವವನು ಇಂದಿನ ತನ್ನ ಬಡತನವನ್ನು ಹೇಳಿಕೊಳ್ಳುತ್ತಿದ್ದಾನೆ. ಕ್ರಿಯಾಪದವೋ ಭೂತಕಾಲದ್ದು, ಅದರ ಮೇಲೆ ಒಬ್ಬನೇ ಕರ್ತೃವಿಗೆ ಬಹುವಚನದ ವೇಷ ಬೇರೆ. ಏಕೆ ಹೀಗೆ ಎಂದು ಕೇಳಿದ ಹುಡುಗನಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ಅದು ಇರುವುದೇ ಹಾಗೆ, ಬಾಯಿಪಾಠ ಮಾಡು. ನಾನು ಕನ್ನಡ ಕಲಿಸುವವನು, ಇಂಗ್ಲಿಷ್ ವ್ಯಾಕರಣ ನನ್ನ ಹೊಲವಲ್ಲ. ಆದರೂ ಬೇಲಿಯ ಈಚೆ ನಿಂತು ನೋಡುವವನಿಗೆ ಆಚೆಯ ಹೊಲದ ಹಳೆಯ ಬದುಗಳು ಕೆಲವೊಮ್ಮೆ ಚೆನ್ನಾಗಿ ಕಾಣುತ್ತವೆ. ಈ ಮೂಲೆಯಲ್ಲಿ ನನಗೆ ಕಂಡುದು ನಮ್ಮ ಮನೆಯದೇ ಸಾಮಾನು.

ಮೊದಲು ‘ರಾದರ್’ ಎಂಬ ಶಬ್ದವನ್ನೇ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಬೇಗನೆ, ಶೀಘ್ರವಾಗಿ ಎಂಬರ್ಥದ ಒಂದು ಅವ್ಯಯವಿತ್ತು. ಅದು ಮುಂದೆ ‘ರೇದ್’ ಎಂದಾಯಿತು. ಅದರ ತರತಮ ರೂಪವೇ ‘ರಾದರ್’. ಎಂದರೆ ‘ಇನ್ನೂ ಬೇಗನೆ’. ಮಿಲ್ಟನ್ ಕವಿ 1637ರಲ್ಲಿ ಬರೆದ ‘ಲಿಸಿಡಸ್’ ಎಂಬ ಶೋಕಗೀತದಲ್ಲಿ ವಸಂತಕ್ಕೆ ಮುಂಚಿತವಾಗಿ ಅರಳುವ ಒಂದು ಹೂವಿಗೆ ಇದೇ ‘ರೇದ್’ ವಿಶೇಷಣವನ್ನು ಕೊಟ್ಟಿದ್ದಾನೆ. ಮೂಲಶಬ್ದ ಕವಿಗಳ ಪೆಟ್ಟಿಗೆಯನ್ನು ಸೇರಿತು. ಮಗನು ಮಾತ್ರ ಬೀದಿಯಲ್ಲಿ ಉಳಿದ. ಎರಡು ಕೆಲಸಗಳಲ್ಲಿ ಯಾವುದಕ್ಕೆ ಮನಸ್ಸು ಮೊದಲು ಓಡುವುದೋ ಅದೇ ಅದಕ್ಕೆ ಪ್ರಿಯವಾದುದು, ಎಂಬ ಲೆಕ್ಕದಲ್ಲಿ ‘ಬೇಗನೆ’ ಎಂಬುದು ‘ಮೇಲಾಗಿ’ ಎಂದಾಯಿತು. ‘ಸೂನರ್’ ಎಂಬುದೂ ಅದೇ ದಾರಿ ಹಿಡಿದಿದೆ. ಲ್ಯಾಟಿನಿನಿಂದ ಬಂದ ‘ಪ್ರಿಫರ್’ ಎಂಬುದಕ್ಕಾದರೋ ‘ಮುಂದಕ್ಕೆ ಹೊತ್ತು ತರು’ ಎಂದು ಮೂಲಾರ್ಥ. ಇಂಗ್ಲಿಷಿನವನು ಕಾಲದಿಂದ ಅಳೆದುದನ್ನು ರೋಮಿನವನು ಸ್ಥಾನದಿಂದ ಅಳೆದ. ನಾವು ‘ಮೇಲು’ ಎಂದು ಎತ್ತರದಿಂದ ಅಳೆಯುತ್ತೇವೆ. ‘ಸಾಲ ಮಾಡುವುದಕ್ಕಿಂತ ಹಸಿದಿರುವುದು ವಾಸಿ’ ಎನ್ನುವಾಗಲಂತೂ ಕಾಯಿಲೆ ಗುಣವಾದುದನ್ನು ಹೇಳುವ ಮಾತಿನಿಂದಲೇ ಅಳೆಯುತ್ತೇವೆ. ಯಾವುದು ಹೆಚ್ಚು ಸೊಗಸು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ.

‘ರಾದರ್’ ಎಂಬುದಕ್ಕೆ ಈ ಕೆಲಸ ಬರುವುದಕ್ಕೆ ಮುಂಚೆ ಇದನ್ನು ಮಾಡುತ್ತಿದ್ದುದು ‘ಲೀಫ್’ ಎಂಬ ಶಬ್ದ. ಪ್ರಿಯವಾದ ಎಂದು ಅದರ ಅರ್ಥ. ‘ಲವ್’ ಎಂಬುದು ಅದರ ಒಡಹುಟ್ಟು. ಸಂಸ್ಕೃತದ ‘ಲುಭ್’ ಧಾತು ದೂರದ ದಾಯಾದಿ. ಅಲ್ಲಿ ಪ್ರೀತಿಯಾದುದು ಇಲ್ಲಿ ಲೋಭವಾಯಿತು. ಆಸ್ತಿ ಪಾಲಾದ ಮೇಲೆ ದಾಯಾದಿಗಳು ಬೇರೆಬೇರೆ ದಾರಿ ಹಿಡಿಯುವುದು ಉಂಟಷ್ಟೆ. ಈ ಶಬ್ದದ ತರತಮ ರೂಪವನ್ನು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ‘ಕ್ಯಾಂಟರ್ಬರಿ ಕಥೆ’ಗಳ ಪೀಠಿಕೆಯಲ್ಲಿ ಒಂದು ಕಡೆ ಪ್ರಯೋಗಿಸಿದ್ದಾನೆ. ಆಕ್ಸ್‌ಫರ್ಡಿನ ಬಡ ವಿದ್ಯಾರ್ಥಿಯೊಬ್ಬನ ವರ್ಣನೆ ಅದು. ಅವನ ಕುದುರೆಯೂ ಬಡಕಲು, ಅವನೂ ಬಡಕಲು, ಮೇಲಂಗಿಯ ನೂಲು ಎದ್ದಿದೆ. ಬೆಲೆಬಾಳುವ ನಿಲುವಂಗಿಗಿಂತ, ಪಿಟೀಲಿಗಿಂತ, ತಲೆದೆಸೆಯಲ್ಲಿ ಕಪ್ಪು ಕೆಂಪು ರಟ್ಟಿನ ಅರಿಸ್ಟಾಟಲನ ಇಪ್ಪತ್ತು ಹೊತ್ತಗೆಗಳು ಅವನಿಗೆ ಹೆಚ್ಚು. ಅಧ್ಯಾಪಕನಾದವನು ಈ ಹುಡುಗನನ್ನು ಮರೆಯುವುದು ಕಷ್ಟ. ಆದರೆ ನಾನು ತೋರಿಸಬೇಕೆಂದಿರುವುದು ಅವನನ್ನಲ್ಲ, ಅವನ ವಿಭಕ್ತಿಯನ್ನು. ಚಾಸರನು ಅಲ್ಲಿ ‘ಹೀ’ ಎನ್ನುವುದಿಲ್ಲ, ‘ಹಿಮ್’ ಎನ್ನುತ್ತಾನೆ. ಅವನು ಬಯಸಿದ ಎಂದಲ್ಲ. ಅವನಿಗೆ ಪ್ರಿಯತರವಾಗಿತ್ತು ಎಂದು ಮಾತಿನ ಕಟ್ಟು. ಚತುರ್ಥೀ ವಿಭಕ್ತಿ!

ಇದು ಒಂದು ಶಬ್ದದ ಸೋಜಿಗವಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ಮನಸ್ಸಿನ ವ್ಯಾಪಾರಗಳನ್ನು ಹೇಳುವ ಎಷ್ಟೋ ಕ್ರಿಯಾಪದಗಳು ಹೀಗೆಯೇ ಇದ್ದುವು. ಇಂದು ನಮ್ಮ ಪ್ರಾಥಮಿಕ ಶಾಲೆಯ ಮಗುವೂ ಬಲ್ಲ ‘ಲೈಕ್’ ಎಂಬ ಧಾತುವಿಗೆ ಮೊದಲು ‘ಮೆಚ್ಚು’ ಎಂಬರ್ಥವಿರಲಿಲ್ಲ, ‘ಹಿಡಿಸು’ ಎಂಬರ್ಥವಿತ್ತು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಒಟ್ಟೊ ಯೆಸ್ಪರ್ಸನ್ ಇದಕ್ಕೊಂದು ಉದಾಹರಣೆ ಕಟ್ಟಿ ತೋರಿಸಿದ. ಅದು ಇಂದಿಗೂ ಪಾಠಗಳಲ್ಲಿ ಓಡಾಡುತ್ತಿದೆ. ಅರಸನಿಗೆ ಪೇರ್ ಹಣ್ಣುಗಳು ಹಿಡಿಸಿದುವು ಎಂಬ ವಾಕ್ಯವನ್ನು ಹಳೆಯ ಇಂಗ್ಲಿಷಿನಲ್ಲಿ ಹೇಳಿದರೆ ಅರಸ ಚತುರ್ಥಿಯಲ್ಲಿರುತ್ತಾನೆ, ಹಣ್ಣುಗಳು ಪ್ರಥಮೆಯಲ್ಲಿ. ಕ್ರಿಯಾಪದ ಹಣ್ಣುಗಳನ್ನು ಅನುಸರಿಸಿ ಬಹುವಚನ. ನಮ್ಮ ವಾಕ್ಯದಲ್ಲಿಯೂ ‘ಹಿಡಿಸಿದುವು’ ಎಂಬುದು ಹಣ್ಣುಗಳ ಬೆನ್ನು ಹತ್ತಿದೆಯೇ ಹೊರತು ಅರಸನದನ್ನಲ್ಲ. ಮುಂದೆ ಕೆಲವು ಶತಮಾನಗಳಲ್ಲಿ ಇಂಗ್ಲಿಷಿನ ವಿಭಕ್ತಿ ಪ್ರತ್ಯಯಗಳು ಸವೆದುವು, ಕ್ರಿಯಾಪದದ ವಚನ ಪ್ರತ್ಯಯಗಳೂ ಸವೆದುವು. ‘ಅರಸನಿಗೆ’ ಎಂಬುದರ ‘ಇಗೆ’ ಕಳಚಿತು. ವಾಕ್ಯದ ಮೊದಲಲ್ಲಿ ಅರಸ ಬರಿದೆ ನಿಂತಿದ್ದಾನೆ. ಮೊದಲು ನಿಂತವನು ಕರ್ತೃವಲ್ಲದೆ ಮತ್ತೇನು? ಹೀಗೆ ಹಣ್ಣು ಮಾಡುತ್ತಿದ್ದ ಕೆಲಸ ಅರಸನ ಪಾಲಿಗೆ ಬಂತು. ಕಾರಣ ಇಷ್ಟು ಸರಳವಲ್ಲವೆಂದು ಅನಂತರದ ವಿದ್ವಾಂಸರು ತಕರಾರು ತೆಗೆದಿದ್ದಾರೆ. ಆದರೆ ‘ನನಗೆ’ ಇದ್ದಲ್ಲಿ ‘ನಾನು’ ಬಂದು ಕುಳಿತದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಪಶ್ಚಾತ್ತಾಪದ ಕಥೆಯೂ ಇದೇ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನ ಆದಿಕಾಂಡದಲ್ಲಿ, ಮನುಷ್ಯನ ದುಷ್ಟತನವನ್ನು ಕಂಡು ಅವನನ್ನು ಸೃಷ್ಟಿಸಿದ್ದಕ್ಕೆ ದೇವರೇ ಮರುಗುವ ಸಂದರ್ಭವೊಂದಿದೆ. ಅಲ್ಲಿ ‘ರಿಪೆಂಟ್’ ಎಂಬ ಕ್ರಿಯಾಪದಕ್ಕೆ ಕರ್ತೃ ದೇವರಲ್ಲ. ‘ಇಟ್’ ಎಂಬ ಅನಾಮಧೇಯ. ದೇವರು ಪಶ್ಚಾತ್ತಾಪಪಟ್ಟನು ಎಂದಲ್ಲ, ಅವನಿಗೆ ಪಶ್ಚಾತ್ತಾಪವಾಯಿತು ಎಂದು ಆ ವಾಕ್ಯದ ನಡೆ. ಎಂಥವನಿಗೂ ಅದು ಹೊರಗಿನಿಂದ ಬಂದು ತಗಲುವ ವಸ್ತು, ಚಳಿಜ್ವರದ ಹಾಗೆ. ಇದಕ್ಕೂ ಹಿಂದೆ, 1340ರಲ್ಲಿ, ಕ್ಯಾಂಟರ್ಬರಿಯ ಸಂನ್ಯಾಸಿಯೊಬ್ಬ ಫ್ರೆಂಚಿನ ಧರ್ಮಗ್ರಂಥವೊಂದನ್ನು ತನ್ನ ಕೆಂಟ್ ಸೀಮೆಯ ನುಡಿಗೆ ತಿರುಗಿಸಿದ. ಲ್ಯಾಟಿನ್ ಮೂಲದ ‘ರಿಮಾರ್ಸ್’ ಎಂಬ ಮಾತಿಗೆ ಮರಳಿ ಕಚ್ಚುವುದು ಎಂದು ಅರ್ಥ. ಆತ ಆ ಪರಶಬ್ದವನ್ನು ಮುಟ್ಟದೆ ‘ಅಯನ್‌ಬೈಟ್’ ಎಂದು, ಮರುಕಡಿತವೆಂದು, ದೇಶೀ ಶಬ್ದವನ್ನೇ ಟಂಕಿಸಿ ತನ್ನ ಗ್ರಂಥಕ್ಕೆ ಅದನ್ನೇ ಹೆಸರಿಟ್ಟ. ಆ ನಾಣ್ಯ ಚಲಾವಣೆಗೆ ಬರಲಿಲ್ಲ. ಅವರಿಗೆ ಮರಳಿ ಕಚ್ಚುವಂಥದು ಸಂಸ್ಕೃತದವರಿಗೆ ಪಶ್ಚಾತ್, ಆಮೇಲೆ ಸುಡುವಂಥದು. ಪಾರಿಭಾಷಿಕ ಶಬ್ದಗಳನ್ನು ದಿನಕ್ಕೊಂದರಂತೆ ಹೆರುವ ನಮ್ಮ ಸಮಿತಿಗಳು ಈ ಸಂನ್ಯಾಸಿಯನ್ನು ಒಮ್ಮೆ ನೆನೆದರೆ ಒಳ್ಳೆಯದು.

ಈಗ ಜಗಳದ ಭಾಗಕ್ಕೆ ಬರುತ್ತೇನೆ. ‘ನನಗೆ ಪ್ರಿಯತರ’ ಎಂಬ ಕಟ್ಟು ಸಡಿಲವಾದಾಗ ಅದರ ಜಾಗಕ್ಕೆ ‘ಐ ಹ್ಯಾಡ್ ಲೀಫರ್’ ಎಂಬುದು ಬಂತು. ‘ಲೀಫರ್’ ಹಳತಾದಾಗ ‘ಐ ಹ್ಯಾಡ್ ರಾದರ್’ ಎಂದಾಯಿತು. ಇಲ್ಲಿ ‘ಹ್ಯಾಡ್’ ಎಂದರೆ ‘ನನ್ನಲ್ಲಿ ಇತ್ತು’ ಎಂದಲ್ಲ. ‘ನಾನು ಅದನ್ನು ಹೆಚ್ಚೆಂದು ಭಾವಿಸಿಯೇನು’ ಎಂದು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ, ಲಂಚ ತಿನ್ನುವ ರೋಮನನಾಗುವುದಕ್ಕಿಂತ ಚಂದ್ರನನ್ನು ನೋಡಿ ಬೊಗಳುವ ನಾಯಾಗುವುದು ಮೇಲೆಂದು ಬ್ರೂಟಸನು ಸಿಡಿಯುವುದು ಈ ನುಡಿಗಟ್ಟಿನಲ್ಲಿಯೇ. ದುಷ್ಟರ ಡೇರೆಗಳಲ್ಲಿ ವಾಸಿಸುವುದಕ್ಕಿಂತ ದೇವರ ಮನೆಯ ಬಾಗಿಲು ಕಾಯುವುದು ಲೇಸೆಂದು ಕೀರ್ತನಕಾರನು ಹೇಳುವಾಗಲೂ 1611ರ ಭಾಷಾಂತರಕಾರರು ಇದನ್ನೇ ಬಳಸಿದರು. ನಾಟಕಶಾಲೆಯೂ ದೇವಾಲಯವೂ ಒಪ್ಪಿದ ಮಾತು ಎಂದ ಮೇಲೆ ಇನ್ನೇನು ಪ್ರಮಾಣ ಬೇಕು?

ಡಾಕ್ಟರ್ ಸ್ಯಾಮುಯೆಲ್ ಜಾನ್ಸನ್ನನಿಗೆ ಅದು ಸಾಲಲಿಲ್ಲ. 1755ರಲ್ಲಿ ಹೊರಬಂದ ತನ್ನ ಮಹಾಕೋಶದಲ್ಲಿ ಅವನು ಈ ನುಡಿಗಟ್ಟನ್ನು ಅನಾಗರಿಕವೆಂದೂ ಇತ್ತೀಚೆಗೆ ಭಾಷೆಯೊಳಕ್ಕೆ ನುಗ್ಗಿದ್ದೆಂದೂ ಜರೆದು, ಇದರ ಬದಲು ‘ವಿಲ್ ರಾದರ್’ ಎನ್ನಬೇಕೆಂದು ತೀರ್ಪು ಕೊಟ್ಟ. ಜಾನ್ಸನ್ನನ ಕೋಶ ದೊಡ್ಡದು, ಅದರ ಹಿಂದಿನ ದುಡಿಮೆ ಇನ್ನೂ ದೊಡ್ಡದು. ಆದರೆ ಈ ತೀರ್ಪು ಸಣ್ಣದು. ‘ಹ್ಯಾಡ್’ ಭೂತಕಾಲ, ಆದುದರಿಂದ ಇಲ್ಲಿ ಸಲ್ಲದು ಎಂಬ ತರ್ಕವೇ ಇಂಥ ತೀರ್ಪುಗಳ ಬಲ. ‘ಐ ವುಡ್’, ‘ಐ ಹ್ಯಾಡ್’ ಎರಡೂ ಬಾಯಲ್ಲಿ ಕುಗ್ಗಿ ‘ಐಡ್’ ಎಂದಾಗುತ್ತವೆ. ಬಿಡಿಸಿ ಬರೆಯುವಾಗ ಅಜ್ಞರು ತಪ್ಪಿ ‘ಹ್ಯಾಡ್’ ಎಂದು ಬರೆದರು ಎಂಬ ಕಥೆಯೂ ಹುಟ್ಟಿಕೊಂಡಿತು. ಅಲ್ಲಿಂದ ಮುಂದೆ ಶಾಲೆಯ ವ್ಯಾಕರಣಗಳಿಗೆ ಇದು ಒಂದು ಬೇಟೆಯ ಪ್ರಾಣಿ. ಅಜ್ಜನಿಂದ ಕೇಳಿ ಕಲಿತ ಮಾತನ್ನು ಆಡಿದ ಹುಡುಗ ಪೆದ್ದನೆನಿಸಿಕೊಂಡ. ಜನ ಒಂದು ಮಾತನ್ನು ಎಷ್ಟು ಕಾಲದಿಂದ ಆಡುತ್ತಿದ್ದಾರೆಂದು ವಿಚಾರಿಸದೆ ಅದಕ್ಕೆ ಅನಾಗರಿಕವೆಂದು ಮುದ್ರೆ ಒತ್ತುವ ಪಾಂಡಿತ್ಯವನ್ನು ನಾವು ಕನ್ನಡದಲ್ಲಿಯೂ ಕಂಡಿಲ್ಲವೇ?

ಇದಕ್ಕೆ ಉತ್ತರ ಕೊಟ್ಟವನು ಒಬ್ಬ ಸಂಸ್ಕೃತ ಪಂಡಿತ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಫಿಟ್ಸ್‌ಎಡ್ವರ್ಡ್ ಹಾಲ್ ಎಂಬ ಅಮೆರಿಕನ್ 1825ರಲ್ಲಿ ಹುಟ್ಟಿದವನು. ಮನೆಬಿಟ್ಟು ಓಡಿದ ತಮ್ಮನನ್ನು ಹುಡುಕಿಕೊಂಡು 1846ರಲ್ಲಿ ಹಡಗು ಹತ್ತಿ, ಗಂಗೆಯ ಮುಖದಲ್ಲಿ ಹಡಗು ಒಡೆದು, ಬಂಗಾಳದಲ್ಲಿ ಇಳಿದ. ಇಳಿದವನು ಇಲ್ಲಿಯೇ ನಿಂತು ಸಂಸ್ಕೃತ ಕಲಿತು ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕನಾದ. ಸುಬಂಧುವಿನ ‘ವಾಸವದತ್ತಾ’, ಧನಂಜಯನ ‘ದಶರೂಪ’ ಇವನ್ನು ಸಂಪಾದಿಸಿ ಅಚ್ಚು ಹಾಕಿಸಿದ. ಬಳಿಕ ಇಂಗ್ಲೆಂಡಿಗೆ ಹೋಗಿ, ಕೊನೆಗೆ ಸಫಕ್ ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, 1901ರಲ್ಲಿ ತೀರಿಕೊಳ್ಳುವವರೆಗೂ ಆಕ್ಸ್‌ಫರ್ಡ್ ಕೋಶಕ್ಕೆ ಪ್ರಯೋಗಗಳನ್ನು ಆರಿಸಿ ಕೊಡುತ್ತ, ಕರಡಚ್ಚು ತಿದ್ದುತ್ತ ಬಾಳಿದ. ಈತ 1881ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಫಿಲಾಲಜಿ’ಯಲ್ಲಿ ‘ಹ್ಯಾಡ್ ರಾದರ್’ ಎಂಬುದರ ಹುಟ್ಟನ್ನು ಕುರಿತೇ ಒಂದು ದೀರ್ಘ ಲೇಖನ ಬರೆದ. ಅವನ ಅಸ್ತ್ರ ತರ್ಕವಲ್ಲ, ಪ್ರಯೋಗ. ಹಿಂದಿನವರ ಬರಹಗಳಿಂದ ಹೆಕ್ಕಿದ ಪ್ರಯೋಗಗಳ ಸಾಲು. ಹಳೆಯ ಗ್ರಂಥಗಳ ಸಂಪಾದನೆಯಲ್ಲಿ ಪಳಗಿದ ಕೈ ಅದು. ಇಷ್ಟಾದರೂ ಇಂದು ‘ಹ್ಯಾಡ್ ರಾದರ್’ ಅಪರೂಪವಾಗಿ, ‘ವುಡ್ ರಾದರ್’ ಎಂಬುದೇ ರಾಜಮಾರ್ಗವಾಗಿದೆ. ಮಾತಿನಲ್ಲಿ ‘ಐಡ್ ರಾದರ್’ ಎಂದವನ ಬಾಯೊಳಗೆ ಅಡಗಿರುವುದು ಯಾವುದೆಂದು ಅವನಿಗೂ ತಿಳಿಯದು.

ಜಾನ್ಸನ್ನನು ಕಾಣದೆ ಹೋದದ್ದು ಏನು? ಆ ‘ಹ್ಯಾಡ್’ ಕಾಲವನ್ನು ಹೇಳುತ್ತಿರಲಿಲ್ಲ, ಕಲ್ಪನೆಯನ್ನು ಹೇಳುತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ ನಡೆದುದಕ್ಕೆ ಒಂದು ರೂಪ, ನಡೆಯದೆ ಬರಿದೆ ನೆನೆದುದಕ್ಕೆ ಇನ್ನೊಂದು ರೂಪ ಇದ್ದುವು. ಪ್ರತ್ಯಯಗಳು ಸವೆದ ಮೇಲೆ ಎರಡೂ ಒಂದೇ ಆಗಿ, ನೋಡಲು ಭೂತಕಾಲವೇ ಆದುವು. ‘ಇರು’ ಎಂಬರ್ಥದ ಧಾತುವಿನಲ್ಲಿ ಮಾತ್ರ ‘ವಾಸ್’ ಎಂಬುದರ ಪಕ್ಕದಲ್ಲಿ ‘ವರ್’ ಎಂಬುದು ಉಳಿಯಿತು. ‘ಐ ವಿಷ್ ಐ ವರ್’ ಎಂಬಲ್ಲಿ ಕಾಣುವುದು ಬಹುವಚನವಲ್ಲ. ಮನೆಯೆಲ್ಲ ಬಿದ್ದ ಮೇಲೆ ನಿಂತ ಒಂದು ಕಂಬ. ಅದೂ ಈಗ ಅಲುಗುತ್ತಿದೆ, ‘ಇಫ್ ಐ ವಾಸ್’ ಎನ್ನುವವರು ಇಂಗ್ಲೆಂಡಿನಲ್ಲಿಯೇ ಧಾರಾಳವಾಗಿದ್ದಾರೆ. 1926ರಲ್ಲಿಯೇ ಫೌಲರ್ ಈ ರೂಪಗಳ ಬಹುಪಾಲು ಸಾಯುತ್ತಿವೆಯೆಂದು ಬರೆದ. ನಮ್ಮ ಪರೀಕ್ಷಕರ ಕೆಂಪು ಮಸಿ ಮಾತ್ರ ಇನ್ನೂ ಆ ಕಂಬಕ್ಕೆ ಆತುಕೊಂಡಿದೆ.

ದಂಗೆಯೆದ್ದ ಮಗ ಅಬ್ಷಾಲೋಮನು ಯುದ್ಧದಲ್ಲಿ ಹತನಾದ ಸುದ್ದಿ ಬಂದಾಗ ಮುದಿ ಅರಸ ದಾವೀದನು ಊರಬಾಗಿಲ ಮೇಲಣ ಕೋಣೆಗೆ ಹತ್ತುತ್ತ ಅಳುತ್ತಾನೆ: ನಿನಗೆ ಬದಲಾಗಿ ನಾನು ಸತ್ತಿದ್ದರೆ! 1611ರ ಇಂಗ್ಲಿಷಿನಲ್ಲಿ ಆ ಅಳು ‘ವುಡ್’ ಎಂಬ ಮಾತಿನಿಂದ ಎದ್ದು ‘ಹ್ಯಾಡ್’ ಎಂಬುದರ ಮೇಲೆ ಕುಸಿಯುತ್ತದೆ. ಆಯ್ಕೆಯನ್ನು ಹೇಳುವ ಎರಡು ಪದಗಳೂ ಅಲ್ಲಿ ಹಳಹಳಿಗೆ ದುಡಿದಿವೆ. ಒಂದನ್ನು ಬಯಸುವುದಕ್ಕೂ ಇನ್ನೊಂದಕ್ಕೆ ಮರುಗುವುದಕ್ಕೂ ನಡುವಣ ಗೋಡೆ ಎಷ್ಟು ತೆಳುವೆಂದು ನನಗೆ ತೋರಿದುದು ಈ ವಾಕ್ಯದಲ್ಲಿ.

ನಮ್ಮ ನುಡಿಗೂ ಇಂಗ್ಲಿಷಿಗೂ ರಕ್ತಸಂಬಂಧವಿಲ್ಲ. ಆದರೂ ಇಲ್ಲದುದನ್ನು ನೆನೆಯಬೇಕಾದಾಗ ನಾವೂ ಹಿಂದಕ್ಕೇ ಹೆಜ್ಜೆಯಿಡುತ್ತೇವೆ. ನಾಳೆ ‘ಬಂದರೆ’ ಎನ್ನುವಾಗಲೂ ಅದರೊಳಗಿರುವುದು ‘ಬಂದ’ ಎಂಬ ಭೂತರೂಪ; ಹಳಗನ್ನಡದ ‘ಬಂದೊಡೆ’ಯಲ್ಲಿಯೂ ಅದೇ. ‘ಬಂದಿದ್ದರೆ ಚೆನ್ನಾಗಿತ್ತು’ ಎಂಬಲ್ಲಿ ಎರಡು ಹೆಜ್ಜೆ ಹಿಂದೆ. ಇನ್ನು ‘ನನಗೆ’ಯನ್ನು ನಾವು ಇಂಗ್ಲಿಷಿನವರಂತೆ ಕಳೆದುಕೊಳ್ಳಲಿಲ್ಲ: ನನಗೆ ಇಷ್ಟ, ನನಗೆ ಬೇಸರ, ನನಗೆ ಬೇಕು. ನಮ್ಮ ಹಳ್ಳಿಯ ಹುಡುಗ ಇಂಗ್ಲಿಷಿನಲ್ಲಿಯೂ ‘ಟು ಮಿ’ ಎಂದು ತೊಡಗಿದರೆ ಪೇಟೆಯ ಹುಡುಗರು ನಗುತ್ತಾರೆ; ಚಾಸರನು ನಗುತ್ತಿರಲಿಲ್ಲ. ಆದರೆ ಕನ್ನಡದಲ್ಲಿ ಒಂದು ಕಡೆ ಈ ‘ನನಗೆ’ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಜಾತ್ರೆಗೆ ಹೋಗಲಾರದೆ ಉಳಿದವನು ‘ನನಗೆ ಹೋಗಬೇಕಾಗಿತ್ತು’ ಎನ್ನುತ್ತಾನೆ. ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಹೋಗದೆ ಉಳಿದವನು, ಎಲ್ಲ ಮುಗಿದ ಮೇಲೆ, ‘ನಾನು ಹೋಗಬೇಕಾಗಿತ್ತು’ ಎನ್ನುತ್ತಾನೆ.